ನಾಲ್ಕೂ ಸೋತವರು ಕ್ವಾರ್ಟರ್ ಫೈನಲ್‌ಗೆ, ಗೆದ್ದವರು ಮನೆಗೆ? ಮಹಿಳಾ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್ ಲೆಕ್ಕ ಯಾರಾದ್ರೂ ಬಿಡಿಸಿ ಹೇಳಿ

ಗೋಲಿಯ ಅಮ್ಮ:

ಎಲ್ಲರಿಗೂ ನಮಸ್ಕಾರ. ಇದು ನನ್ನ ಪ್ರಶ್ನೆ ಅಲ್ಲ, ಹತ್ತು ವರ್ಷದ ಮಗಳದ್ದು. ಎರಡು ದಿನ ಏನೇನೋ ಹೇಳಿ ಜಾರಿಕೊಂಡೆ. ಇವತ್ತು ಬೆಳಿಗ್ಗೆ ಮತ್ತೆ ಕೇಳಿದಳು. ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ನಾವಿರುವುದು ಕೆನಡಾದ ಒಂಟಾರಿಯೋದಲ್ಲಿ. ಮಗಳು ಇಲ್ಲಿನ ಹುಡುಗಿಯರ ತಂಡಕ್ಕೆ ಗೋಲ್ ಕಾಯುತ್ತಾಳೆ. ಇಲ್ಲಿ ಅವರನ್ನು 'ಗೋಲಿ' ಅಂತಾರೆ. ಫೋನಿನಲ್ಲಿ "ಅಜ್ಜಿ, ನಾನೀಗ ಗೋಲಿ" ಅಂದಾಗ ನಮ್ಮತ್ತೆ "ಗೋಲಿ ಆಡೋಕೆ ಅಷ್ಟು ದೊಡ್ಡ ಹೆಲ್ಮೆಟ್ ಯಾಕೇ?" ಅಂದಿದ್ದರು. ಅದಿರಲಿ.

ರಜೆಯಲ್ಲಿ ಇಬ್ಬರೂ ಕೂತು 2025ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳನ್ನು ಮತ್ತೆ ಹಾಕಿಕೊಂಡು ನೋಡಿದೆವು. ಏಪ್ರಿಲ್‌ನಲ್ಲಿ ಜೆಕ್ ದೇಶದ ಚೆಸ್ಕೆ ಬುಡೆಯೊವಿತ್ಸೆ ಊರಲ್ಲಿ ನಡೆದಿದ್ದು. ಇವಳು ಸ್ಕೆಚ್ ಪೆನ್ನಿನಲ್ಲಿ ಎರಡು ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಎ ಗುಂಪಿನಲ್ಲಿ ಕೆನಡಾ, ಅಮೆರಿಕ, ಫಿನ್ಲೆಂಡ್, ಜೆಕ್, ಸ್ವಿಟ್ಜರ್ಲೆಂಡ್. ಬಿ ಗುಂಪಿನಲ್ಲಿ ಸ್ವೀಡನ್, ಜರ್ಮನಿ, ಜಪಾನ್, ನಾರ್ವೆ, ಹಂಗೇರಿ. ನೋಡಿದರೇ ಗೊತ್ತಾಗುತ್ತೆ, ಗಟ್ಟಿ ತಂಡಗಳೆಲ್ಲ ಒಂದೇ ಕಡೆ.

ಅವಳ ತಕರಾರು ಇದು. ಎ ಗುಂಪಿನ ಐದೂ ತಂಡ ಕ್ವಾರ್ಟರ್ ಫೈನಲ್‌ಗೆ ಹೋಗುತ್ತವೆ. ನಾಲ್ಕಕ್ಕೆ ನಾಲ್ಕು ಪಂದ್ಯ ಸೋತರೂ ಹೋಗುತ್ತವೆ. ಬಿ ಗುಂಪಿನಲ್ಲಿ ಮೊದಲ ಮೂರಕ್ಕೆ ಮಾತ್ರ ಜಾಗ. ಕೊನೆಯ ಎರಡು ತಂಡ ಮನೆಗೆ, ಅಷ್ಟೇ ಅಲ್ಲ, ಮುಂದಿನ ಸಲ ಕೆಳಗಿನ ದರ್ಜೆಗೆ. "ಸೋತವರನ್ನ ಒಳಗೆ ಬಿಟ್ಟು ಗೆದ್ದವರನ್ನ ಆಚೆ ಕಳಿಸ್ತಾರಲ್ಲಮ್ಮಾ, ಇದು ಮೋಸ ಅಲ್ವಾ?" ಅಂತಾಳೆ. ನನಗೂ ಹೌದು ಅನಿಸಿತು.

ಇನ್ನೊಂದು ನನ್ನದೇ ಪ್ರಶ್ನೆ. ಹೆಂಗಸರ ಆಟದಲ್ಲಿ ಡಿಕ್ಕಿ ಹೊಡೆಯೋ ಹಾಗಿಲ್ಲ ಅಂತಾರೆ. ನಾನು ನೋಡಿದ್ದರಲ್ಲಿ ನಿಮಿಷಕ್ಕೊಂದು ಡಿಕ್ಕಿ ಇತ್ತು. ಯಾವುದಕ್ಕೆ ಶಿಕ್ಷೆ, ಯಾವುದಕ್ಕಿಲ್ಲ?

---

ಗಡಿಯಾರದ ಮಾಮ:

ಮೇಡಂ, ನಿಮ್ಮ ಮಗಳಿಗೆ ಮೊದಲು ಒಂದು ಶಹಬ್ಬಾಸ್. ದೊಡ್ಡವರು ಹತ್ತು ವರ್ಷ ನೋಡಿದರೂ ಇದನ್ನ ಕೇಳಲ್ಲ.

ನಾನು ಆಟಗಾರ ಅಲ್ಲ. ನಮ್ಮೂರ ರಿಂಕ್‌ನಲ್ಲಿ, ಅಂದರೆ ಐಸ್ ಮೈದಾನದಲ್ಲಿ, ಶನಿವಾರ ಮಕ್ಕಳ ಪಂದ್ಯಗಳಿಗೆ ಗಡಿಯಾರ ಒತ್ತುವ ಡಬ್ಬಿಯಲ್ಲಿ ಕೂರುತ್ತೇನೆ. ಗೋಲ್ ಆದಾಗ ಯಾರು ಹೊಡೆದರು, ಎಷ್ಟು ನಿಮಿಷಕ್ಕೆ ಅಂತ ಬರೆಯುವುದು ನನ್ನ ಕೆಲಸ. ಕಾಲು ಮರಗಟ್ಟುತ್ತೆ, ಕಾಫಿ ಐದೇ ನಿಮಿಷಕ್ಕೆ ಆರುತ್ತೆ, ಆದರೂ ಬಿಡೋಕೆ ಮನಸ್ಸಿಲ್ಲ. ಆ ಡಬ್ಬಿಯಿಂದ ಕಂಡಿದ್ದನ್ನೇ ಹೇಳ್ತೀನಿ.

ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದು 1990ರಲ್ಲಿ, ಒಟ್ಟಾವಾದಲ್ಲಿ. ಎಂಟು ತಂಡ. ಕೆನಡಾದವರು ಗುಲಾಬಿ ಜೆರ್ಸಿ ಹಾಕಿಕೊಂಡು ಆಡಿದ ಟೂರ್ನಿ ಅದೇ. ಆಗ ಗಟ್ಟಿ ತಂಡ, ಹೊಸ ತಂಡ ಎಲ್ಲವನ್ನೂ ಎರಡೂ ಗುಂಪಿಗೆ ಹಂಚಿದ್ದರು, ನಿಮ್ಮ ಮಗಳು ಕೇಳುವ ಹಾಗೇ. ಕೆನಡಾ ಗುಂಪಿನ ಫಲಿತಾಂಶ ನೋಡಿ: ಸ್ವೀಡನ್ ಮೇಲೆ 15-1, ಪಶ್ಚಿಮ ಜರ್ಮನಿ ಮೇಲೆ 17-0, ಜಪಾನ್ ಮೇಲೆ 18-0. ಸೆಮಿಫೈನಲ್‌ನಲ್ಲಿ ಫಿನ್ಲೆಂಡ್ ಎದುರಾದಾಗ 6-5, ಫೈನಲ್‌ನಲ್ಲಿ ಅಮೆರಿಕ ಎದುರಾದಾಗ 5-2. ಅಂದರೆ ಪಂದ್ಯ ಅನ್ನುವಂಥ ಪಂದ್ಯ ಕೊನೆಯಲ್ಲಿ ಎರಡೇ.

18-0 ಅಂದರೆ ಏನು ಅಂತ ನನ್ನಂಥ ಬರೆಯೋನಿಗೆ ಗೊತ್ತು. 60 ನಿಮಿಷದ ಆಟ. ಸರಾಸರಿ ಮೂರು ನಿಮಿಷ 20 ಸೆಕೆಂಡಿಗೆ ಒಂದು ಗೋಲು. ಗೆದ್ದವರಿಗೂ ಅದರಲ್ಲಿ ಕಲಿಯೋಕೆ ಏನಿಲ್ಲ. ಸೋತ ದೇಶದಲ್ಲಿ ಇದನ್ನ ನೋಡಿ ಯಾವ ಮಗು ಸ್ಕೇಟ್ಸ್ ಕಟ್ಟುತ್ತೆ ಹೇಳಿ.

ಈ ಕಾಟ ತುಂಬಾ ವರ್ಷ ಇತ್ತು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲೂ ಕೆನಡಾ ಸ್ಲೊವಾಕಿಯಾಕ್ಕೆ 18-0 ಬಾರಿಸಿತು. ಹೀಗೇ ಆದರೆ ಒಲಿಂಪಿಕ್ಸ್‌ನಲ್ಲಿ ಈ ಆಟ ಇರುತ್ತಾ ಅನ್ನೋ ಮಾತು ಎದ್ದಿತು. ಆಮೇಲೆ 2012ರಲ್ಲಿ, ಅಮೆರಿಕದ ಬರ್ಲಿಂಗ್ಟನ್‌ನಲ್ಲಿ ನಡೆದ ಟೂರ್ನಿಯಲ್ಲಿ ಗುಂಪುಗಳನ್ನ ಶಕ್ತಿ ನೋಡಿ ಮಾಡಿದರು. ಮೇಲಿನ ನಾಲ್ವರು ಒಂದು ಕಡೆ, ಉಳಿದ ನಾಲ್ವರು ಇನ್ನೊಂದು ಕಡೆ. 2019ರಲ್ಲಿ ತಂಡಗಳು ಹತ್ತಾದವು, ಹಾಗಾಗಿ ಐದು-ಐದು.

ಮೋಸನಾ ಅಂದರೆ, ಮಗಳಿಗೆ ಹೀಗೆ ಹೇಳಿ ನೋಡಿ. ಎ ಮತ್ತು ಬಿ ಒಂದೇ ತರಗತಿಯ ಎರಡು ಸೆಕ್ಷನ್ ಅಲ್ಲ. ಒಂದು ಏಳನೇ ಕ್ಲಾಸು, ಇನ್ನೊಂದು ಆರನೇದು. ಏಳನೇ ಕ್ಲಾಸಿನಲ್ಲಿ ಕೊನೆ ಬಂದವರು ಹಿಂದಿನ ವರ್ಷ ಆ ಜಾಗವನ್ನ ಆಡಿಯೇ ಸಂಪಾದಿಸಿರುತ್ತಾರೆ.

---

ಬ್ರಾಂಪ್ಟನ್ ಬಾಲ್ಕನಿ:

ಮಾಮ ಹೇಳಿದ್ದು ಸರಿ, ಆದರೆ ಅಕ್ಕಾ, ನಿಮ್ಮ ಮಗಳ ಪಕ್ಷಕ್ಕೂ ಒಂದು ಸಾಕ್ಷಿ ಇದೆ. 2021ರಲ್ಲಿ ಕ್ಯಾಲ್ಗರಿಯಲ್ಲಿ ಸ್ವಿಟ್ಜರ್ಲೆಂಡ್ ಎ ಗುಂಪಿನ ನಾಲ್ಕೂ ಪಂದ್ಯ ಸೋತಿತು. ಕ್ವಾರ್ಟರ್ ಫೈನಲ್‌ನಲ್ಲಿ ಎ ಗುಂಪಿನ ನಾಲ್ಕನೆಯವರಿಗೂ ಐದನೆಯವರಿಗೂ ಪಂದ್ಯ. ಸ್ವಿಸ್ ಹುಡುಗಿಯರು ರಷ್ಯಾ ತಂಡವನ್ನ ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋಲಿಸಿ ಸೆಮಿಫೈನಲ್ ಆಡಿದರು! ಇಡೀ ಟೂರ್ನಿಯಲ್ಲಿ ಗೆದ್ದಿದ್ದು ಅದೊಂದೇ ಪಂದ್ಯ, ಸಿಕ್ಕಿದ್ದು ನಾಲ್ಕನೇ ಸ್ಥಾನ. ನನ್ನ ಗಂಡ ಇದನ್ನ "ಲಾಟರಿ" ಅಂತಾರೆ.

ಉಲ್ಟಾ ಕಥೆ ಮರುವರ್ಷವೇ ಆಯ್ತು. 2022, ಡೆನ್ಮಾರ್ಕ್. ಜೆಕ್ ತಂಡ ಬಿ ಗುಂಪಿನಲ್ಲಿತ್ತು. ಅಲ್ಲಿ ಎಲ್ಲಾ ಗೆದ್ದರು. ಬಿ ಗುಂಪಿನ ಮೊದಲನೆಯವರು ಎ ಗುಂಪಿನ ಮೂರನೆಯವರ ಜೊತೆ ಆಡಬೇಕು. ಎದುರಿಗೆ ಬಂದಿದ್ದು ಫಿನ್ಲೆಂಡ್. ಹೆಚ್ಚುವರಿ ಸಮಯದಲ್ಲಿ 2-1, ಗೆದ್ದಿದ್ದು ಜೆಕ್. ಸೆಮಿಫೈನಲ್‌ನಲ್ಲಿ ಅಮೆರಿಕ 10-1ರಿಂದ ಬಗ್ಗುಬಡಿಯಿತು ಅನ್ನೋದು ಬೇರೆ ಮಾತು. ಮರುದಿನ ಎದ್ದು ಬಂದು ಸ್ವಿಸ್ ಮೇಲೆ 4-2ರಲ್ಲಿ ಗೆದ್ದು ಕಂಚು ತಗೊಂಡರು. ಅವರ ಮೊದಲ ಪದಕ ಅದು. ಫಿನ್ಲೆಂಡ್ ಗತಿ? ಮುಂದಿನ ವರ್ಷ ಬಿ ಗುಂಪಿಗೆ ಇಳಿಯಿತು. ಅಷ್ಟು ದೊಡ್ಡ ತಂಡ! ಹಾಗಾಗಿ ಎ ಗುಂಪಿನ ಕುರ್ಚಿ ಯಾರಪ್ಪನ ಸ್ವತ್ತೂ ಅಲ್ಲ.

2023ರಲ್ಲಿ ಬ್ರಾಂಪ್ಟನ್‌ನಲ್ಲಿ ನಡೆದಾಗ ನಾನು ಎರಡು ಪಂದ್ಯ ಕಣ್ಣಾರೆ ನೋಡಿದೆ. ಒಂದು ಕೆನಡಾ-ಸ್ವೀಡನ್ ಕ್ವಾರ್ಟರ್ ಫೈನಲ್. ಸ್ವೀಡನ್ ಬಿ ಗುಂಪಿನಿಂದ ಬಂದಿದ್ದು, ಯಾರಿಗೂ ಹೆದರಿಕೆ ಇರಲಿಲ್ಲ. ನನ್ನ ಪಕ್ಕದ ಸೀಟಿನ ಅಜ್ಜ ಮೂರನೇ ಅವಧಿ ಮುಗಿಯುವ ಮೊದಲೇ ಎದ್ದು ಜಾಕೆಟ್ ಜಿಪ್ ಹಾಕಿಕೊಳ್ಳುತ್ತಿದ್ದರು. ಕೊನೆಯ ಕೆಲವೇ ಸೆಕೆಂಡು ಬಾಕಿ ಇರುವಾಗ ಸ್ವೀಡನ್ 2-2 ಮಾಡಿಬಿಟ್ಟಿತು. ಅಜ್ಜನ ಕೈ ಜಿಪ್ ಮೇಲೆ ಅಲ್ಲೇ ನಿಂತಿತು. ಹೆಚ್ಚುವರಿ ಸಮಯದಲ್ಲಿ ಸಾರಾ ನರ್ಸ್ ಗೋಲು ಹೊಡೆದು ಕೆನಡಾ ಬಚಾವಾಯ್ತು. ಅಜ್ಜ ಜಿಪ್ ಬಿಚ್ಚಲೂ ಇಲ್ಲ, ಹಾಕಲೂ ಇಲ್ಲ, ಹಾಗೇ ಕೂತರು.

ಇನ್ನೊಂದು ಫೈನಲ್. 3-3 ಇದ್ದಾಗ ಅಮೆರಿಕದ ಹಿಲರಿ ನೈಟ್ 27 ಸೆಕೆಂಡಿನಲ್ಲಿ ಎರಡು ಗೋಲು ಹಾಕಿದಳು. ನಾನು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸುವಷ್ಟರಲ್ಲಿ ಪಂದ್ಯ ಮುಗಿದಿತ್ತು ಅಂತಲೇ ಹೇಳಬೇಕು. ಕೊನೆಗೆ 6-3. ಕೆನಡಾದ ಊರಲ್ಲಿ ಅಷ್ಟು ಜನ ಒಟ್ಟಿಗೆ ಸುಮ್ಮನಾಗಿದ್ದನ್ನ ನಾನು ಮತ್ತೆಲ್ಲೂ ಕೇಳಿಲ್ಲ.

---

ಗಡಿಯಾರದ ಮಾಮ:

ಬಾಲ್ಕನಿಯವರೇ, ಬ್ರಾಂಪ್ಟನ್ ಕಥೆ ಚೆನ್ನಾಗಿದೆ.

ಡಿಕ್ಕಿ ವಿಷಯ ಬಾಕಿ ಉಳಿದಿತ್ತು. ಮೇಡಂ, 1990ರ ಟೂರ್ನಿಯಲ್ಲಿ ಮೈಮೇಲೆ ಬಿದ್ದು ಕೆಡವೋದಕ್ಕೆ ಅವಕಾಶ ಇತ್ತು. ಪೆಟ್ಟುಗಳು ಜಾಸ್ತಿಯಾದವು ಅಂತ ಆಮೇಲೆ ತೆಗೆದರು. ಈಗಿನ ಲೆಕ್ಕ ಹೀಗೆ. ಪಕ್ (ಆಟದ ರಬ್ಬರ್ ಬಿಲ್ಲೆ) ಇಬ್ಬರ ಹತ್ತಿರ ಇದೆ, ಇಬ್ಬರೂ ಅದಕ್ಕೇ ನುಗ್ಗುತ್ತಿದ್ದಾರೆ, ಆಗ ಭುಜಕ್ಕೆ ಭುಜ ತಾಗಿದರೆ ತಪ್ಪಿಲ್ಲ. ಪಕ್ ಬಿಟ್ಟು ಆಳನ್ನೇ ಗುರಿ ಇಟ್ಟು ಗುದ್ದಿದರೆ ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು. ನಾನು ನೋಡೋದು ಒಂದೇ: ಅವಳ ಸ್ಟಿಕ್ ಎಲ್ಲಿದೆ? ಸ್ಟಿಕ್ ಪಕ್ ಕಡೆ ಚಾಚಿದ್ದರೆ ಸಾಮಾನ್ಯವಾಗಿ ಬಚಾವು. ಸ್ಟಿಕ್ ಮೇಲೆತ್ತಿ, ಭುಜ ಮುಂದೆ ಮಾಡಿ ಬಂದರೆ ರೆಫರಿ ಕೈ ಮೇಲೆ ಹೋಗುತ್ತೆ. ಹತ್ತಕ್ಕೆ ಎಂಟು ಸಲ ಈ ಅಂದಾಜು ಸರಿಯಾಗುತ್ತೆ. ಉಳಿದ ಎರಡು ಸಲ ಗ್ಯಾಲರಿಯಲ್ಲಿ ಕೂತ ಅಪ್ಪಂದಿರು ಕೂಗಾಡ್ತಾರೆ.

---

ಸುಮ್ನೆ ನೋಡೋನು:

ಇಷ್ಟೆಲ್ಲಾ ಗುಂಪು ಲೆಕ್ಕ ಹಾಕಿ ಕೊನೆಗೆ ಫೈನಲ್ ಯಾರ್ಯಾರದ್ದು? ಕೆನಡಾ-ಅಮೆರಿಕ. 2025ರವರೆಗೆ 24 ಟೂರ್ನಿ ಆಗಿದೆ, ಚಿನ್ನ ಕೆನಡಾಕ್ಕೆ 13, ಅಮೆರಿಕಕ್ಕೆ 11. ಮೂರನೇ ಹೆಸರೇ ಇಲ್ಲ. ನೇರ ಇಬ್ಬರನ್ನೂ ಕರೆದು ಒಂದು ಪಂದ್ಯ ಆಡಿಸಿ ಕಳಿಸಬಹುದಲ್ವಾ 😄

---

ಬ್ರಾಂಪ್ಟನ್ ಬಾಲ್ಕನಿ:

ಹಾಗಂತ ಫಿನ್ಲೆಂಡ್‌ನವರ ಮುಂದೆ ಹೇಳಿ ನೋಡಿ. 2019ರಲ್ಲಿ ಅವರದೇ ಎಸ್ಪೋ ಊರಲ್ಲಿ ಸೆಮಿಫೈನಲ್‌ನಲ್ಲಿ ಕೆನಡಾವನ್ನ 4-2ರಿಂದ ಕೆಡವಿದರು. ಕೆನಡಾ ಇಲ್ಲದ ಒಂದೇ ಒಂದು ಫೈನಲ್ ಅದು. ಆ ಫೈನಲ್‌ನಲ್ಲಿ ಅಮೆರಿಕದ ಎದುರು, ಹೆಚ್ಚುವರಿ ಸಮಯದಲ್ಲಿ ಫಿನ್ಲೆಂಡ್‌ನ ಪೆಟ್ರಾ ನಿಯೆಮಿನೆನ್ ಗೋಲು ಹಾಕಿದಳು. ಹುಡುಗಿಯರೆಲ್ಲ ಗ್ಲೌಸ್, ಸ್ಟಿಕ್ ಎಸೆದು ಒಬ್ಬರ ಮೇಲೊಬ್ಬರು ಬಿದ್ದರು. ಅಷ್ಟರಲ್ಲಿ ವಿಡಿಯೋ ನೋಡ್ತೀವಿ ಅಂದರು. ನೋಡಿದರು, ನೋಡಿದರು, ನೋಡ್ತಾನೇ ಇದ್ದರು. ಗೋಲ್ ಕಾಯುವವಳಿಗೆ ಅಡ್ಡಿಯಾಗಿದೆ ಅಂತ ಗೋಲು ರದ್ದು. ಎಸೆದ ಗ್ಲೌಸ್ ಹೆಕ್ಕಿಕೊಂಡು ಮತ್ತೆ ಆಡಬೇಕಾಯ್ತು. ಕೊನೆಗೆ ಒಬ್ಬೊಬ್ಬರೇ ಬಂದು ಗೋಲಿಯ ಎದುರು ಹೊಡೆಯುವ ಶೂಟೌಟ್‌ನಲ್ಲಿ ಅಮೆರಿಕ ಗೆದ್ದಿತು. ನಾನು ಕೆನಡಾ ಕಡೆಯವಳು, ಆದರೂ ಅವತ್ತು ಟಿವಿ ಆರಿಸಿ ಎದ್ದು ಹೋದೆ.

---

ಗೋಲಿಯ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಏಳನೇ ಕ್ಲಾಸು-ಆರನೇ ಕ್ಲಾಸು ಉದಾಹರಣೆ ಮಗಳಿಗೆ ಅರ್ಥ ಆಯ್ತು, ಒಪ್ಪಿಗೆ ಮಾತ್ರ ಆಗಿಲ್ಲ. "ಹಾಗಾದರೆ ಎ ಗುಂಪಿನ ಕೊನೆಯವರೂ ಬಿ ಗುಂಪಿನ ನಾಲ್ಕನೆಯವರೂ ಒಂದು ಪಂದ್ಯ ಆಡಲಿ, ಗೆದ್ದವರು ಹೋಗಲಿ" ಅಂತ ಹೊಸ ನಿಯಮ ಮಾಡಿ ಫ್ರಿಜ್ ಮೇಲೆ ಬರೆದಿದ್ದಾಳೆ. ಒಕ್ಕೂಟದವರು ನೋಡಿಕೊಳ್ಳಲಿ.

2025ರ ಫೈನಲ್ ನೋಡುವಾಗ ಮಗಳಿಗೆ ಕೊನೆಯ ಗೋಲು ಹೊಡೆದದ್ದಕ್ಕಿಂತ ಬೇರೆಯದೇ ಹಿಡಿಸಿತು. ಮೂರನೇ ಅವಧಿಯಲ್ಲಿ ಅಮೆರಿಕದ ಗೋಲಿ ಏರಿನ್ ಫ್ರಾಂಕೆಲ್‌ಗೆ ಡಿಕ್ಕಿಯಾಗಿ ಪೆಟ್ಟಾಯ್ತಲ್ಲ, ಅಲ್ಲಿಯವರೆಗೆ ಬೆಂಚಿನಲ್ಲಿ ಕೂತಿದ್ದ ಗ್ವಿನೆತ್ ಫಿಲಿಪ್ಸ್ ಎದ್ದು ಬಂದಳು. ಮೈ ಬಿಸಿಯಾಗಿಲ್ಲ, ಎದುರಿಗೆ ಕೆನಡಾ. ಆ ಜಾಗ ಬಂದಾಗ ಮಗಳು ಸೋಫಾದಿಂದ ಇಳಿದು ನೆಲದ ಮೇಲೆ ಮಂಡಿಯೂರಿ ಕೂತಳು, ಅವಳೇ ಗೋಲ್ ಕಾಯುವ ಹಾಗೆ. ಟೆಸ್ಸಾ ಜಾನೆಕೆ ಗೋಲು ಹಾಕಿ 4-3 ಆಗೋವರೆಗೂ ಏಳಲಿಲ್ಲ.

ಒಂದು ಕೊನೆಯ ಪ್ರಶ್ನೆ. 18-0ಕ್ಕಿಂತ ಜಾಸ್ತಿ ಯಾರಾದರೂ ಸೋತಿದ್ದಾರಾ ಅಂತ ಕೇಳ್ತಿದಾಳೆ. ಯಾಕೆ ಅಂದರೆ ಕಳೆದ ಶನಿವಾರ ಇವರ ತಂಡ 11-0 ಸೋತು ಬಂದಿದೆ. ಕಾರಿನಲ್ಲಿ ಮಾತಿಲ್ಲ ಕತೆಯಿಲ್ಲ, ಹೆಲ್ಮೆಟ್ ಕೂಡ ತೆಗೆಯಲಿಲ್ಲ.

---

ಗಡಿಯಾರದ ಮಾಮ:

ಇದ್ದಾರೆ ಮೇಡಂ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಲ್ಲ, 2008ರ ಸೆಪ್ಟೆಂಬರ್‌ನಲ್ಲಿ, ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯುವ ಟೂರ್ನಿಯಲ್ಲಿ. ಲಾತ್ವಿಯಾದಲ್ಲಿ ನಡೆದಿದ್ದು. ಸ್ಲೊವಾಕಿಯಾ 82, ಬಲ್ಗೇರಿಯಾ 0. ಮುದ್ರಣ ದೋಷ ಅಲ್ಲ, ಎಂಬತ್ತೆರಡು. ಸುಮಾರು 44 ಸೆಕೆಂಡಿಗೊಂದು. ಆ ಡಬ್ಬಿಯಲ್ಲಿ ಕೂತು ಬರೆದವನ ಕೈ ನೆನೆಸಿಕೊಂಡರೆ ನನಗೆ ಅಯ್ಯೋ ಅನಿಸುತ್ತೆ. ಅದೇ ಸ್ಲೊವಾಕಿಯಾ ಒಂದೂವರೆ ವರ್ಷಕ್ಕೆ ವ್ಯಾಂಕೂವರ್‌ನಲ್ಲಿ ಕೆನಡಾ ಕೈಲಿ 18-0 ತಿಂದಿದ್ದು. ಮೇಲೆ ಹೇಳಿದೆನಲ್ಲ.

ಆ ಪಂದ್ಯದಲ್ಲಿ ಬಲ್ಗೇರಿಯಾದ ಗೋಲ್ ಕಡೆಗೆ 139 ಶಾಟ್ ಬಂದಿದ್ದವು ಅಂತ ದಾಖಲೆ ಇದೆ.

---

ಗೋಲಿಯ ಅಮ್ಮ:

ಓದಿ ಹೇಳಿದೆ ಮಾಮ. 82 ಕೇಳಿ ನಗ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಸ್ಕೆಚ್ ಪೆನ್ ತಗೊಂಡು ಫ್ರಿಜ್ ಮೇಲಿನ ಹಾಳೆಯ ಮೂಲೆಯಲ್ಲಿ 139 ಬರೆದಳು, ಕೆಳಗೆ 82 ಬರೆದು ಕಳೆದಳು. "57 ಹಿಡಿದಿದ್ದಾರಮ್ಮಾ" ಅಂದಳು. ಆಮೇಲೆ ಶನಿವಾರದ ಪಂದ್ಯದಲ್ಲಿ ನನ್ನ ಕಡೆ ಎಷ್ಟು ಶಾಟ್ ಬಂದಿತ್ತು, ಕೋಚ್‌ಗೆ ಮೆಸೇಜ್ ಮಾಡಿ ಕೇಳು ಅಂತ ಬೆನ್ನು ಬಿದ್ದಿದ್ದಾಳೆ.