ಪಿಟೀಲು, ಮೃದಂಗದ ಜೊತೆ ಐದು ತಂತಿ ಬ್ಯಾಂಜೊ: ಶ್ರುತಿ ಮತ್ತು ರೆಕಾರ್ಡಿಂಗ್ ಬಗ್ಗೆ ಸಲಹೆ ಬೇಕು

ಜಯನಗರ_ತಂತಿ:
ಕೇಳುತ್ತಿರುವುದು ಅಮೆರಿಕದ ಐದು ತಂತಿ ಬ್ಯಾಂಜೊ ಬಗ್ಗೆ, ನಮ್ಮಲ್ಲಿ ಬ್ಯಾಂಜೊ ಅಂತಲೇ ಮಾರುವ ಬುಲ್‌ಬುಲ್ ತರಂಗ್ ಬಗ್ಗೆ ಅಲ್ಲ. ಹಂಸಧ್ವನಿ, ಮಾಯಾಮಾಳವಗೌಳ, ಹಿಂದೋಳ, ಒಟ್ಟು ಮೂರು ಟ್ರ್ಯಾಕ್ ಮನೆಯಲ್ಲೇ ರೆಕಾರ್ಡ್ ಮಾಡಬೇಕು. ಪಿಟೀಲಿನ ಷಡ್ಜ ಡಿ. ಬ್ಯಾಂಜೊ ಮಾಮೂಲಿ ಓಪನ್ ಜಿ ಶ್ರುತಿಯಲ್ಲಿದೆ, ಬಿಟ್ಟ (ಬೆರಳೊತ್ತದ) ತಂತಿಗಳು ರಾಗಕ್ಕೆ ಅಡ್ಡ ಬರುತ್ತಿವೆ. ರೋಲ್‌ಗಳು (ಬೆರಳುಗಳು ಸರದಿಯಲ್ಲಿ ಮೀಟುವ ಮಾದರಿಗಳು) ಐದೆಣಿಕೆಯ ಖಂಡಚಾಪು ತಾಳಕ್ಕೆ ಕೂರುತ್ತಿಲ್ಲ. ಶ್ರುತಿ ಹೇಗೆ ಮಾಡಲಿ, ಮೈಕ್ ಎಲ್ಲಿಡಲಿ? ವಾದಕರೂ ನಿರ್ಮಾಪಕರೂ ಆದವರಲ್ಲಿ ಯಾರ ವಾದನ ಕೇಳಿದರೆ ಉಪಯೋಗ?

ಕೇಳ್ಮೆ:
ಮೊದಲು ಆಲಿಸನ್ ಬ್ರೌನ್ ಅವರ ವಾದನ ಕೇಳಿ. ಹಾರ್ವರ್ಡ್‌ನಲ್ಲಿ ಓದಿ, ಯುಸಿಎಲ್‌ಎಯಲ್ಲಿ ಎಂಬಿಎ ಮುಗಿಸಿ, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಬಿಟ್ಟು ಬ್ಯಾಂಜೊಗೆ ಬಂದವರು. ಗಾಯಕಿ ಆಲಿಸನ್ ಕ್ರಾಸ್ ಅವರ ಯೂನಿಯನ್ ಸ್ಟೇಷನ್ ತಂಡದಲ್ಲಿ ನುಡಿಸಿದರು. 1991ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ (ಅಮೆರಿಕದ ಜನಪದ ಮೂಲದ ತಂತಿವಾದ್ಯ ಸಂಗೀತ) ಸಂಘದ ವರ್ಷದ ಬ್ಯಾಂಜೊ ವಾದಕ ಪ್ರಶಸ್ತಿ ಪಡೆದರು. 1995ರಲ್ಲಿ ಪತಿ ಗ್ಯಾರಿ ವೆಸ್ಟ್ ಜೊತೆ ನ್ಯಾಶ್‌ವಿಲ್‌ನಲ್ಲಿ ಕಂಪಾಸ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಶುರು ಮಾಡಿದರು. 2001ರಲ್ಲಿ ಇನ್ನೊಬ್ಬ ಬ್ಯಾಂಜೊ ವಾದಕ ಬೇಲಾ ಫ್ಲೆಕ್ ಜೊತೆ ನುಡಿಸಿದ ಒಂದು ರಚನೆಗೆ ಗ್ರ್ಯಾಮಿ ಬಂತು.

ನಿಮಗೆ ಮುಖ್ಯವಾದದ್ದು ಪಿಯಾನೊ, ಬಾಸ್, ಡ್ರಮ್ಸ್ ಜೊತೆಗಿನ ಅವರ ಜಾಝ್ ಕಡೆಯ ಕೆಲಸ. ಪಿಯಾನೊ ತುಂಬಿಕೊಂಡಾಗ ಬ್ಯಾಂಜೊ ರೋಲ್ ಬಿಟ್ಟು ಒಂಟಿ ಸ್ವರಕ್ಕೆ ಇಳಿಯುತ್ತದೆ. ಇಂಥ ಕಡೆಯೇ ಒಳಗಿನ ನಿರ್ಮಾಪಕಿ ಕಾಣುವುದು. ನಿಮ್ಮಲ್ಲಿ ಪಿಟೀಲು ಗಮಕ ಹಿಡಿದಾಗ ನೀವೂ ಅಷ್ಟೇ ಮಾಡಬೇಕು.

ಆಮೇಲೆ ಫ್ಲೆಕ್. 1996ರಲ್ಲೇ ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆ ಆಲ್ಬಂ ಮಾಡಿದವರು. 2023ರಲ್ಲಿ ತಬಲಾದ ಜಾಕಿರ್ ಹುಸೇನ್, ಬಾಸ್‌ನ ಎಡ್ಗರ್ ಮೇಯರ್, ಕೊಳಲಿನ ರಾಕೇಶ್ ಚೌರಾಸಿಯಾ ಜೊತೆ ಮಾಡಿದ ಆಲ್ಬಂಗೆ ಒಂದು, ಅದರ ಒಂದು ರಚನೆಗೆ ಒಂದು, ಹೀಗೆ 2024ರಲ್ಲಿ ಎರಡು ಗ್ರ್ಯಾಮಿ ಬಂದವು. ಕೊಳಲು ಎಳೆಯುವಾಗ ಬ್ಯಾಂಜೊ ಎಷ್ಟು ಕಡಿಮೆ ಮಾತಾಡುತ್ತದೆ ಅಂತ ಅದರಲ್ಲಿ ಗಮನಿಸಿ.

ಐದನೇ_ಬಿರಡೆ:
ಓಪನ್ ಜಿ ಬಿಡಿ. ಡಬಲ್ ಸಿ ಶ್ರುತಿ ಮಾಡಿ: ಐದನೇ ತಂತಿಯಿಂದ ಒಂದನೆಯದರವರೆಗೆ ಜಿ, ಸಿ, ಜಿ, ಸಿ, ಡಿ. ಎರಡನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಐದನೇ ತಂತಿಯನ್ನು ಏಳನೇ ಫ್ರೆಟ್‌ನ ಸ್ಪೈಕ್‌ಗೆ (ಸಣ್ಣ ಮೊಳೆಗೆ) ಸಿಕ್ಕಿಸಿ. ಈಗ ಎ, ಡಿ, ಎ, ಡಿ, ಇ. ಅಂದರೆ ಪ, ಸ, ಪ, ಸ, ರಿ. ಹಂಸಧ್ವನಿಗೆ ಇದಕ್ಕಿಂತ ಒಳ್ಳೆಯ ಶ್ರುತಿ ಇಲ್ಲ, ಬಿಟ್ಟ ತಂತಿ ಐದೂ ರಾಗದೊಳಗಿನವೇ.

ಮಾಯಾಮಾಳವಗೌಳದಲ್ಲಿ ಶುದ್ಧ ರಿಷಭ, ಒಂದನೇ ತಂತಿ ಕೊಡುವುದು ಅದಕ್ಕಿಂತ ಅರ್ಧ ಸ್ವರ ಮೇಲಿನ ಚತುಶ್ರುತಿ. ಆ ತಂತಿಯನ್ನು ಒಂದು ಸ್ವರ ಇಳಿಸಿ ಷಡ್ಜಕ್ಕೆ ತನ್ನಿ.

ಹಿಂದೋಳದಲ್ಲಿ ಪಂಚಮ ವರ್ಜ್ಯ, ಹಾಗಾಗಿ ಐದನೇ ಮತ್ತು ಮೂರನೇ ತಂತಿ ಎರಡೂ ಕೆಡಿಸುತ್ತವೆ. ಸ್ಪೈಕ್‌ನಿಂದ ಬಿಡಿಸಿದರೆ ಸಾಕು, ಐದನೆಯದು ತಾನಾಗಿ ಜಿಗೆ, ಅಂದರೆ ಶುದ್ಧ ಮಧ್ಯಮಕ್ಕೆ ಬರುತ್ತದೆ. ಮೂರನೆಯದನ್ನೂ ಒಂದು ಸ್ವರ ಇಳಿಸಿ. ಒಂದನೆಯದು ಷಡ್ಜದಲ್ಲೇ ಇರಲಿ. ಮ, ಸ, ಮ, ಸ, ಸ ಆಯಿತು. ತಂಬೂರಿಯಲ್ಲೂ ಪಂಚಮ ತೆಗೆದು ಮಧ್ಯಮ ಹಾಕಿಕೊಳ್ಳುವುದನ್ನು ಮರೆಯಬೇಡಿ.

ನಾಲ್ಕನೇ ತಂತಿ ಸಿಗೆ ಇಳಿದಾಗ .020 ಗೇಜ್ (ಇಂಚಿನಲ್ಲಿ ತಂತಿಯ ದಪ್ಪ) ಸಡಿಲಾಗಿ ಫ್ರೆಟ್‌ಗೆ ಬಡಿಯುತ್ತದೆ, .022 ಹಾಕಿ. ಕ್ಯಾಪೊ ಫ್ರೆಟ್‌ಗೆ ಅಂಟಿದಂತೆ ಹಿಂದೆಯೇ ಇರಲಿ, ಬಿಗಿದ ಮೇಲೆ ಮತ್ತೆ ಶ್ರುತಿ ನೋಡಿ. ಬಿಗಿತಕ್ಕೇ ತಂತಿ ಸ್ವಲ್ಪ ಏರಿರುತ್ತದೆ.

ಬ್ರಿಡ್ಜ್ (ಹೆಡ್ ಮೇಲಿನ ಕುದುರೆ) ಜಾಗ: ನಟ್‌ನಿಂದ (ಕತ್ತಿನ ಮೇಲ್ತುದಿಯ ಪಟ್ಟಿಯಿಂದ) 12ನೇ ಫ್ರೆಟ್‌ಗೆ ಎಷ್ಟೋ, ಅಲ್ಲಿಂದ ಬ್ರಿಡ್ಜ್‌ಗೆ ಸುಮಾರು ಅಷ್ಟೇ. 26¼ ಇಂಚಿನ ಸ್ಕೇಲ್‌ನಲ್ಲಿ (ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ) 13⅛ ಇಂಚು. ಆಮೇಲೆ 12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಒತ್ತಿದ ಸ್ವರ ಕೂಡುವವರೆಗೆ ಸರಿಸಿ. ಹೆಡ್ (ಬ್ಯಾಂಜೊ ಮೇಲೆ ಬಿಗಿದ ಹೊದಿಕೆ) ತಟ್ಟಿದರೆ ಜಿ ಶಾರ್ಪ್ ಹತ್ತಿರ ಕೇಳಬೇಕು. ಸರಿಯಾಗಿ ಜಿಗೆ ಬಿಗಿದರೆ ಹಿಂದೋಳದಲ್ಲಿ ಮಧ್ಯಮ ಮಾತ್ರ ಬೇರೆ ಸ್ವರಗಳಿಗಿಂತ ಎದ್ದು ಮೊರೆಯುವ ಅಪಾಯವಿದೆ. ಹೆಡ್ ಬಿಗಿಯುವ ಬ್ರಾಕೆಟ್ ನಟ್‌ಗಳನ್ನು ಎದುರುಬದುರಾಗಿ ಎಂಟನೇ ಒಂದು ಸುತ್ತಿನಷ್ಟೇ ತಿರುಗಿಸಿ. ಒಂದೇ ಕಡೆ ಬಿಗಿದರೆ ಹೆಡ್ ಹರಿಯಬಹುದು.

ಉಳಿಯುವ ತೊಂದರೆ ಹಂಸಧ್ವನಿ, ಮಾಯಾಮಾಳವಗೌಳಗಳ ಅಂತರ ಗಾಂಧಾರ. ಫ್ರೆಟ್‌ನ ಗಾಂಧಾರ ತಂಬೂರಿಯದಕ್ಕಿಂತ 14 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಮೇಲಿರುತ್ತದೆ, ಬೆರಳಿನಿಂದ ಅದನ್ನು ಇಳಿಸಲಾಗದು. ಆ ಸ್ವರವನ್ನು ಚಿಕ್ಕದಾಗಿ ಮೀಟಿ ಬಿಡಿ, ನಿಲ್ಲಿಸುವ ಕೆಲಸ ಪಿಟೀಲಿಗಿರಲಿ. ವೀಣೆಯಂತೆ ತಂತಿ ಎಳೆದು ದೊಡ್ಡ ಗಮಕ ತೆಗೆಯಲು ಇಲ್ಲಿ ಫ್ರೆಟ್ ಗಿಡ್ಡ, ನಾದವೂ ಬೇಗ ಆರುತ್ತದೆ. ಜಾರು ಮತ್ತು ಹ್ಯಾಮರ್ (ಮೀಟದೆ ಬೆರಳು ತಟ್ಟಿ ಸ್ವರ ಎಬ್ಬಿಸುವುದು) ಸಾಕು.

ಮಲ್ಲೇಶ್ವರ_ಮಿಕ್ಸ್:
ಸಣ್ಣ ಡಯಾಫ್ರಾಮ್‌ನ ಕಂಡೆನ್ಸರ್ ಮೈಕ್ ಒಂದು ಸಾಕು. ಹೆಡ್‌ನಿಂದ 25–30 ಸೆಂ.ಮೀ. ದೂರ, ಕತ್ತು ಹೆಡ್‌ಗೆ ಸೇರುವ ಕಡೆಗೆ ಮುಖ. ಬ್ರಿಡ್ಜ್‌ಗೆ ಗುರಿಯಿಟ್ಟರೆ ಬರೀ ಲೋಹದ ಪಿಕ್ ಸದ್ದು. ಆಮೇಲೆ 2–5 ಕಿಲೋಹರ್ಟ್ಸ್ ಕಡಿದರೆ ಮೀಟಿನ ಚುರುಕೂ ಹೋಗುತ್ತದೆ, ಆದ್ದರಿಂದ ಮೊದಲು ಮೈಕ್ ಸರಿಸಿ, ಇಕ್ಯು (ಆವರ್ತನ ಏರಿಳಿಸುವುದು) ಆಮೇಲೆ. ಹೆಡ್ ಮತ್ತು ಒಳಗಿನ ರಾಡ್ ನಡುವೆ ಮಡಿಸಿದ ಬಟ್ಟೆ ತುರುಕಿದರೆ ಬೇಡದ ಮೊರೆತ ಕಮ್ಮಿಯಾಗುತ್ತದೆ.

24 ಬಿಟ್, 48 ಕಿಲೋಹರ್ಟ್ಸ್. ಪೀಕ್ ಮೈನಸ್ 12 ಡಿಬಿ ಹತ್ತಿರ ನಿಲ್ಲಲಿ, ಬ್ಯಾಂಜೊ ಮೀಟು ಥಟ್ಟನೆ ಹಾರುತ್ತದೆ. ಪಿಟೀಲು, ಮೃದಂಗ ಒಟ್ಟಿಗೆ ಮೊದಲು, ಬ್ಯಾಂಜೊ ಗೈಡ್ (ದಾರಿ ತೋರುವ ತಾತ್ಕಾಲಿಕ ಟ್ರ್ಯಾಕ್) ಮಾತ್ರ ಹೆಡ್‌ಫೋನ್‌ನಲ್ಲಿ. ಮೃದಂಗಕ್ಕೆ ಎರಡು ಮೈಕ್, ಬಲಕ್ಕೊಂದು ಎಡಕ್ಕೊಂದು. ಎಲ್ಲರ ಕಿವಿಗೂ ಒಂದೇ ತಂಬೂರಿ ಫೈಲ್ ಹೋಗಲಿ, ಬೇರೆ ಬೇರೆ ಆ್ಯಪ್ ಬೇಡ. ಜಯನಗರದ ಹಾರ್ನ್ ಸದ್ದಿಗೆ ಫೋಮ್ ಹಾಳೆ ಏನೂ ಮಾಡದು, ಅದು ಕೋಣೆಯೊಳಗಿನ ಮಾರ್ದನಿಗೆ. ರಾತ್ರಿ ಹತ್ತರ ಮೇಲೆ ಕಿಟಕಿ ಮುಚ್ಚಿ, ಹತ್ತಿ ಹಾಸಿಗೆ ಒರಗಿಸಿ ರೆಕಾರ್ಡ್ ಮಾಡಿ.

ಜಯನಗರ_ತಂತಿ:
ಹಿಂದೋಳದ ಶ್ರುತಿ ಹಾಕಿದೆ, ಈಗ ತಂಬೂರಿ ಜೊತೆ ಕೂಡುತ್ತಿದೆ. ರೋಲ್ ವಿಷಯ?

ಐದನೇ_ಬಿರಡೆ:
ಎಂಟು ಮೀಟಿನ ಸಾಮಾನ್ಯ ಫಾರ್ವರ್ಡ್ ರೋಲ್ 3+3+2, ಆದಿತಾಳದ ಚತುರಶ್ರ ನಡೆಗೆ ಹಾಗೇ ಕೂರುತ್ತದೆ. ಖಂಡಚಾಪುವಿಗೆ ಐದು ಮೀಟು: ಹೆಬ್ಬೆರಳು-ನಡುಬೆರಳು, ಹೆಬ್ಬೆರಳು-ತೋರುಬೆರಳು-ನಡುಬೆರಳು. ತ ಕ, ತ ಕಿ ಟ. ಎರಡು ಸಲವೂ ಹೆಬ್ಬೆರಳಿಗೇ ಘಾತ ಬೀಳುವುದರಿಂದ ಮೃದಂಗದವರಿಗೆ ಹಿಡಿಯಲು ಸುಲಭ. ಐದನೇ ತಂತಿಯನ್ನು ತಕಿಟದ ತಕ್ಕೆ ಮಾತ್ರ ಇಟ್ಟುಕೊಳ್ಳಿ, ಪ್ರತಿ ಘಾತಕ್ಕೂ ಅದನ್ನೇ ಮೀಟಿದರೆ ಸಮ ಎಲ್ಲಿ ಅಂತ ಕೇಳುವವರಿಗೆ ತಿಳಿಯುವುದಿಲ್ಲ. ಮಿಶ್ರಚಾಪು ಬಂದರೆ ತಕಿಟ ಮೊದಲು, ಆಮೇಲೆ ಹೆಬ್ಬೆರಳು-ತೋರು-ಹೆಬ್ಬೆರಳು-ನಡು.