ಅನಿಲ ಬಿಡುವುದು ಅಂಚಿನಲ್ಲಿ, ಸಾಂದ್ರತೆ ಜಾಸ್ತಿ ನಡುವೆ. ಟೋಕಾಮ್ಯಾಕ್‌ನಲ್ಲಿ ಹೀಗೇಕೆ?

ಸಹ್ಯಾದ್ರಿ_ಹುಡುಗಿ ಕೇಳಿದ್ದು:

ಎಂಎಸ್ಸಿ ಪ್ರಾಜೆಕ್ಟ್‌ಗೆ ಟೋಕಾಮ್ಯಾಕ್ (ಪ್ಲಾಸ್ಮಾ, ಅಂದರೆ ಅಯಾನು ಆದ ಬಿಸಿ ಅನಿಲವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರಾಕಾರದ ಸಮ್ಮಿಳನ ಯಂತ್ರ) ಬಗ್ಗೆ ಓದುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಹೈಡ್ರೋಜನ್ ಅನಿಲವನ್ನು ಬಿಡುವುದು ಗೋಡೆಯ ಪಕ್ಕದಲ್ಲಿ. ದೊಡ್ಡ ಯಂತ್ರಗಳಲ್ಲಿ ಆ ಪರಮಾಣುಗಳು ಅಂಚಿನ ಕೆಲವೇ ಸೆಂಟಿಮೀಟರ್ ಒಳಗೆ ಅಯಾನು ಆಗಿಬಿಡುತ್ತವೆ, ನಡುವಿನ ತನಕ ಹೋಗುವುದೇ ಇಲ್ಲ. ಹಾಗಿದ್ದರೆ ಅಗರಬತ್ತಿಯ ಹೊಗೆ ಕೋಣೆ ತುಂಬಾ ಹರಡಿಕೊಳ್ಳುವ ಹಾಗೆ ಸಾಂದ್ರತೆ ಎಲ್ಲ ಕಡೆ ಒಂದೇ ಆಗಬೇಕಿತ್ತು ಅಲ್ವಾ? ಆದರೆ ನೋಡಿದ ಗ್ರಾಫ್‌ಗಳಲ್ಲೆಲ್ಲ ನಡುವೆ ಗುಡ್ಡದ ಹಾಗೆ ಎದ್ದು ನಿಂತಿದೆ. ಅಷ್ಟು ಕಣಗಳನ್ನು ಒಳಗೆ ತಳ್ಳುತ್ತಿರುವುದು ಯಾವುದು?

ಹಳೇ_ಮೇಷ್ಟ್ರು:

ಸರಿಯಾದ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದೀರಿ. ಹೊಗೆಯ ಲೆಕ್ಕದಲ್ಲಿ ಬರೀ ಹರಡುವಿಕೆ ಇದೆ. ಪ್ಲಾಸ್ಮಾದಲ್ಲಿ ಎರಡು ತುಣುಕು: ಸಾಂದ್ರತೆಯ ಇಳಿಜಾರಿನಿಂದ ಹೊರಗೆ ಹೋಗುವ ಹರಿವು (ಅದರ ಗುಣಾಂಕ D), ಇಳಿಜಾರು ಇಲ್ಲದಿದ್ದರೂ ಒಳಗೆ ಎಳೆಯುವ ವೇಗ V. ಎರಡನೆಯದಕ್ಕೆ ಪಿಂಚ್ ಅನ್ನುತ್ತಾರೆ. ನಡುವೆ ಕಣದ ಮೂಲ ಇಲ್ಲ, ಸ್ಥಿತಿ ಬದಲಾಗುತ್ತಿಲ್ಲ ಅಂದರೆ ಎರಡೂ ಸಮ ಆಗಲೇಬೇಕು. ಆಗ ಗುಡ್ಡದ ಕಡಿದಾಗುವಿಕೆಯನ್ನು V/D ಒಂದೇ ನಿರ್ಧರಿಸುತ್ತದೆ, ಅನಿಲ ಎಷ್ಟು ಬಿಟ್ಟಿರಿ ಅನ್ನುವುದಲ್ಲ.

ಪಿಂಚ್ ಎಲ್ಲಿಂದ ಬಂತು? ವೇರ್ ಎಂಬ ಭೌತವಿಜ್ಞಾನಿ 1970ರಲ್ಲೇ ಒಂದು ಕಾರಣ ಕೊಟ್ಟಿದ್ದರು. ವಿದ್ಯುತ್ ಪ್ರವಾಹ ಓಡಿಸಲು ಟ್ರಾನ್ಸ್‌ಫಾರ್ಮರ್ ಹುಟ್ಟಿಸುವ ವಿದ್ಯುತ್ ಕ್ಷೇತ್ರವೇ, ಬಾಳೆಹಣ್ಣಿನ ಆಕಾರದ ಪಥದಲ್ಲಿ ಹಿಂದೆ ಮುಂದೆ ಓಡಾಡುವ ಕಣಗಳನ್ನು ನಿಧಾನವಾಗಿ ಒಳಗೆ ಸರಿಸುತ್ತದೆ. ಅದು ನಿಜ. ಆದರೆ ಅಷ್ಟೇ ಅಲ್ಲ ಅನ್ನುವುದು ಫ್ರಾನ್ಸಿನ ಕಾದರಾಶ್‌ನ ಟೋರ್ ಸುಪ್ರಾ ಎಂಬ ಟೋಕಾಮ್ಯಾಕ್‌ನಲ್ಲಿ ಗೊತ್ತಾಯಿತು. ಅಲ್ಲಿ ಪ್ರವಾಹವನ್ನು ಪೂರ್ತಿ ರೇಡಿಯೋ ತರಂಗಗಳಿಂದಲೇ ಓಡಿಸಿ, ಆ ವಿದ್ಯುತ್ ಕ್ಷೇತ್ರವನ್ನು ಸೊನ್ನೆಗೆ ತಂದರು. ವೇರ್ ಪಿಂಚ್ ಅಲ್ಲಿಗೆ ಸತ್ತಿತು. ಆದರೂ ಗುಡ್ಡ 4 ನಿಮಿಷಕ್ಕೂ ಮೇಲೆ ಹಾಗೇ ನಿಂತಿತ್ತು! 2003ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟ. ಒಂದು ಸಾಧ್ಯತೆಯನ್ನು ಅಷ್ಟು ಚೊಕ್ಕವಾಗಿ ತೆಗೆದುಹಾಕಿ ನೋಡುವ ಅವಕಾಶ ಅಪರೂಪ.

ಸುರುಳಿ_ದಾರಿ:

ಮೇಷ್ಟ್ರು ಹೇಳಿದ್ದಕ್ಕೆ ಮುಂದುವರಿಸುತ್ತೇನೆ. ಉಳಿದ ಎಳೆತ ಟರ್ಬುಲೆನ್ಸ್‌ನದು, ಅಂದರೆ ಪ್ಲಾಸ್ಮಾದ ಒಳಗಿನ ಸುಳಿಗಳ ಕಲಕಾಟದ್ದು. ಟರ್ಬುಲೆನ್ಸ್ ಅಂದರೆ ಎಲ್ಲವನ್ನೂ ಸಮ ಮಾಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಮಾಡುತ್ತದೆ ಕೂಡ, ಆದರೆ ಸಮ ಮಾಡುವುದು ಘನಮೀಟರಿಗೆ ಎಷ್ಟು ಕಣ ಅನ್ನುವುದನ್ನಲ್ಲ, ಒಂದು ಕಾಂತಕೊಳವೆಗೆ (ಕಾಂತರೇಖೆಗಳ ಒಂದು ಕಟ್ಟಿಗೆ) ಎಷ್ಟು ಕಣ ಅನ್ನುವುದನ್ನು. ಕ್ಷೇತ್ರ ಬಲವಾಗಿರುವ ಕಡೆ ಕೊಳವೆಯ ಗಾತ್ರ ಚಿಕ್ಕದು. ಅಷ್ಟೇ ಕಣ ಚಿಕ್ಕ ಜಾಗದಲ್ಲಿ ಸೇರಿದರೆ ಅಲ್ಲಿ ಸಾಂದ್ರತೆ ಏರುತ್ತದೆ. ಇದು ಎದ್ದು ಕಾಣುವುದು ಎಂಐಟಿಯ ಎಲ್‌ಡಿಎಕ್ಸ್‌ನಲ್ಲಿ. ಅರ್ಧ ಟನ್ನಿಗೂ ಜಾಸ್ತಿ ತೂಕದ ಸೂಪರ್‌ಕಂಡಕ್ಟರ್ ಉಂಗುರವನ್ನು ನಿರ್ವಾತ ಕೋಶದಲ್ಲಿ ಕಾಂತಬಲದಿಂದ ತೇಲಿಸಿ ಮಾಡಿದ ಪ್ರಯೋಗ ಅದು. ಟರ್ಬುಲೆನ್ಸ್ ಕಣಗಳನ್ನು ಒಳಮುಖವಾಗಿ ತುಂಬಿದ್ದನ್ನು 2010ರಲ್ಲಿ ಪ್ರಕಟಿಸಿದರು.

ಟೋಕಾಮ್ಯಾಕ್‌ನಲ್ಲಿ ಇನ್ನೂ ಒಂದು ಸಿಕ್ಕು ಇದೆ, ತಾಪಮಾನದ ಇಳಿಜಾರಿಗೂ ಕಣಗಳನ್ನು ಸಾಗಿಸುವ ಶಕ್ತಿ ಇದೆ. ಆ ಸಾಗಣೆ ಯಾವ ಕಡೆಗೆ ಅನ್ನುವುದು ಟರ್ಬುಲೆನ್ಸ್ ಯಾವ ಬಗೆಯದು ಅನ್ನುವುದರ ಮೇಲೆ ನಿಂತಿದೆ. ಎಲೆಕ್ಟ್ರಾನ್‌ಗಳನ್ನು ಮೈಕ್ರೋವೇವ್‌ನಿಂದ ಕಾಯಿಸಿದಾಗ ಕೆಲವೊಮ್ಮೆ ನಡುವಿನ ಸಾಂದ್ರತೆ ಕುಸಿಯುವುದಕ್ಕೆ ಇದೂ ಒಂದು ಕಾರಣ. ಜರ್ಮನಿಯ ಆಸ್‌ಡೆಕ್ಸ್ ಅಪ್‌ಗ್ರೇಡ್, ಇಂಗ್ಲೆಂಡಿನ ಜೆಟ್ ಎಂಬ ಎರಡೂ ಟೋಕಾಮ್ಯಾಕ್‌ಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿತು: ಕಣಗಳ ಡಿಕ್ಕಿ ಕಡಿಮೆ ಆದಷ್ಟೂ ಗುಡ್ಡ ಚೂಪಾಗುತ್ತದೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಾಮ್ಯಾಕ್ ಈಟರ್‌ನಲ್ಲಿ ಪ್ಲಾಸ್ಮಾ ತುಂಬಾ ಬಿಸಿ, ಡಿಕ್ಕಿ ತುಂಬಾ ಕಡಿಮೆ ಇರಲಿದೆ. ಹಾಗಾಗಿ ಅಲ್ಲೂ ನಡುವೆ ಗುಡ್ಡ ಇರುತ್ತದೆ ಅನ್ನುವುದೇ ಈಗಿನ ನಿರೀಕ್ಷೆ.

ಸಹ್ಯಾದ್ರಿ_ಹುಡುಗಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹಾಗಾದರೆ ಗುಡ್ಡ ಚೂಪಾದಷ್ಟೂ ಒಳ್ಳೆಯದೇ ತಾನೇ? ಸ್ಟೆಲ್ಲರೇಟರ್‌ನಲ್ಲೂ (ತಿರುಚಿದ ಸುರುಳಿಗಳಿಂದ ಪ್ಲಾಸ್ಮಾ ಹಿಡಿದಿಡುವ ಇನ್ನೊಂದು ಬಗೆಯ ಯಂತ್ರ) ಹೀಗೇ ಆಗುತ್ತದಾ?

ಹಳೇ_ಮೇಷ್ಟ್ರು:

ಸಮ್ಮಿಳನದ ಶಕ್ತಿ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ನಡುವೆ ಜಾಸ್ತಿ ಇದ್ದರೆ ಲಾಭವೇ. ಟೋಕಾಮ್ಯಾಕ್‌ನಲ್ಲಿ ಸಾಂದ್ರತೆ ಎಷ್ಟರ ತನಕ ಏರಬಹುದು ಅನ್ನುವ ಗ್ರೀನ್‌ವಾಲ್ಡ್ ಮಿತಿಯ ಲೆಕ್ಕವೂ ಇದೆ. ಪ್ರವಾಹವನ್ನು ಪೈ ಗುಣಿಸು ಪ್ಲಾಸ್ಮಾ ಕೊಳವೆಯ ತ್ರಿಜ್ಯದ ವರ್ಗದಿಂದ ಭಾಗಿಸಿ. ಈಟರ್‌ಗೆ 15 ಮೆಗಾಆಂಪಿಯರ್, 2 ಮೀಟರ್, ಅಂದರೆ ಘನಮೀಟರಿಗೆ ಸುಮಾರು 1.2×10²⁰ ಕಣ. ಈ ಮಿತಿ ಮುಖ್ಯವಾಗಿ ಅಂಚಿನ ಸಾಂದ್ರತೆಗೆ ಸಂಬಂಧಪಟ್ಟದ್ದು, ಹಾಗಾಗಿ ಅಂಚನ್ನು ಹದದಲ್ಲಿಟ್ಟು ನಡುವೆ ತುಂಬುವುದು ಜಾಣತನ.

ಆದರೆ ಅಪಾಯವೂ ಅಲ್ಲೇ ಇದೆ. ಗೋಡೆಯಿಂದ ಬಂದ ಟಂಗ್‌ಸ್ಟನ್ ಅಯಾನುಗಳನ್ನು ಇದೇ ಸಾಂದ್ರತೆಯ ಇಳಿಜಾರು ಒಳಗೆ ಎಳೆಯುತ್ತದೆ. ತಾಪಮಾನದ ಇಳಿಜಾರು ಅವನ್ನು ಹೊರಗೆ ತಳ್ಳಲು ನೋಡುತ್ತದೆ. ಎಳೆತ ಗೆದ್ದರೆ ಟಂಗ್‌ಸ್ಟನ್ ನಡುವೆ ಕೂಡಿಕೊಂಡು, ಶಾಖವನ್ನು ವಿಕಿರಣವಾಗಿ ಕಳೆದು ಪ್ಲಾಸ್ಮಾವನ್ನೇ ತಣ್ಣಗೆ ಮಾಡಿಬಿಡುತ್ತದೆ. ಆಸ್‌ಡೆಕ್ಸ್ ಅಪ್‌ಗ್ರೇಡ್, ಜೆಟ್ ಎರಡರಲ್ಲೂ ನಡುಭಾಗವನ್ನೇ ಗುರಿ ಮಾಡಿ ಕಾಯಿಸಿ ಇದನ್ನು ತಡೆದಿದ್ದಾರೆ.

ಸುರುಳಿ_ದಾರಿ:

ಸ್ಟೆಲ್ಲರೇಟರ್ ಬೇರೆಯೇ ಕಥೆ. ಅಲ್ಲಿ ಡಿಕ್ಕಿಗಳಿಂದಾಗುವ ಸಾಗಣೆಯೇ ತಾಪಮಾನದ ಇಳಿಜಾರಿನ ಜೊತೆ ಕಣಗಳನ್ನು ಹೊರಗೆ ತಳ್ಳುತ್ತದೆ, ನಡುವೆ ಗುಡ್ಡದ ಬದಲು ಗುಂಡಿ ಬೀಳಬಹುದು. ಜಪಾನಿನ ಎಲ್‌ಎಚ್‌ಡಿ ಎಂಬ ಸ್ಟೆಲ್ಲರೇಟರ್ ಬಗೆಯ ಯಂತ್ರದಲ್ಲಿ ಅಂಥ ಗುಂಡಿ ಕಂಡಿದೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ಸ್ಟೆಲ್ಲರೇಟರ್ ವೆಂಡೆಲ್‌ಸ್ಟೈನ್ 7-ಎಕ್ಸ್‌ನಲ್ಲೂ ಆ ಭಯ ಇತ್ತು, ಆದರೆ ಅಲ್ಲಿ ಟರ್ಬುಲೆನ್ಸ್ ಕಣಗಳನ್ನು ಒಳಗೆ ಎಳೆದು ಗುಂಡಿಯನ್ನು ತುಂಬುತ್ತದೆ ಅಂತ ಈಚಿನ ಸಿಮ್ಯುಲೇಶನ್‌ಗಳು ತೋರಿಸಿವೆ. ಪ್ರಾಜೆಕ್ಟ್‌ಗೆ ಇದನ್ನೇ ತಗೊಳ್ಳಿ ಅನ್ನುತ್ತೇನೆ. ಮೊದಲು V/D ಸಮೀಕರಣವನ್ನು ಸರಳ ಸಿಲಿಂಡರ್‌ನಲ್ಲಿ ಬಿಡಿಸಿ, V ಚಿಹ್ನೆ ಬದಲಿಸಿ ಗ್ರಾಫ್ ಹಾಕಿ, ಆಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.