ಹತ್ತು ವಾರದಲ್ಲಿ ಹನ್ನೊಂದು ಕೆಜಿ ಇಳಿದ ತೂಕ ಈಗ ಅಲ್ಲಾಡುತ್ತಿಲ್ಲ: ಊಟವನ್ನು ಇನ್ನೂ ಕಡಿಮೆ ಮಾಡಬೇಕೇ?

ದಾವಣಗೆರೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ವಯಸ್ಸು 36, ಎತ್ತರ 158 ಸೆಂ.ಮೀ. ಬೇಸಿಗೆ ರಜೆ ಆರಂಭವಾದಾಗ ನನ್ನ ತೂಕ 82 ಕೆಜಿ ಇತ್ತು. ತಂಗಿಯ ಮದುವೆಯೊಳಗೆ ಇಳಿಸಿಯೇ ತೀರಬೇಕೆಂದು ಹಠ ಹಿಡಿದು, ವಾಟ್ಸಾಪ್ ಗುಂಪೊಂದರಲ್ಲಿ ಬಂದ ಪಟ್ಟಿಯನ್ನು ಅಕ್ಷರಶಃ ಪಾಲಿಸಿದೆ. ಬೆಳಿಗ್ಗೆ ಜೀರಿಗೆ ನೀರು ಮತ್ತು ಒಂದು ಹಣ್ಣು, ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಸ್ವಲ್ಪ ಪಲ್ಯ ಮತ್ತು ಸೌತೆಕಾಯಿ, ರಾತ್ರಿ ತರಕಾರಿ ಸೂಪು. ಅನ್ನ ಸಂಪೂರ್ಣವಾಗಿ ಬಂದ್. ಮೊದಲ ವಾರವೇ ಮೂರೂವರೆ ಕೆಜಿ ಇಳಿಯಿತು. ಹತ್ತು ವಾರ ಮುಗಿಯುವಷ್ಟರಲ್ಲಿ 70.6 ಕೆಜಿಗೆ ಬಂದಿದ್ದೆ. ಮದುವೆಯ ದಿನ ಎಲ್ಲರೂ ಹೊಗಳಿದರು. ಸುಳ್ಳೇಕೆ ಹೇಳಲಿ, ಬಹಳ ಸಂತೋಷವಾಯಿತು.

ಅದಾಗಿ ಏಳು ವಾರಗಳಾದವು. ಪಟ್ಟಿಯನ್ನು ಬಿಟ್ಟಿಲ್ಲ, ಸಂಜೆ ಅರ್ಧ ಗಂಟೆ ನಡೆಯುವುದನ್ನೂ ಬಿಟ್ಟಿಲ್ಲ, ಆದರೂ ತೂಕ 70 ಮತ್ತು 71ರ ನಡುವೆಯೇ ಸುತ್ತುತ್ತಿದೆ. ಜೊತೆಗೆ ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು, ಮೂರನೇ ಪೀರಿಯಡ್ ಹೊತ್ತಿಗೆ ಬೋರ್ಡಿನ ಮುಂದೆ ನಿಲ್ಲಲಾರದಷ್ಟು ಸುಸ್ತು. ರಾತ್ರಿ ಹನ್ನೊಂದಾದರೂ ನಿದ್ದೆ ಬಾರದೆ ಮೊಬೈಲಿನಲ್ಲಿ ಅಡುಗೆಯ ವಿಡಿಯೊಗಳನ್ನು ನೋಡುತ್ತಾ ಮಲಗಿರುತ್ತೇನೆ, ಮರುದಿನ ಅದರಲ್ಲಿ ಒಂದನ್ನೂ ಮಾಡುವುದಿಲ್ಲ. ಮಧ್ಯಾಹ್ನದ ರೊಟ್ಟಿಯನ್ನೂ ಬಿಟ್ಟುಬಿಡು ಎಂದು ಗುಂಪಿನಲ್ಲಿ ಹೇಳುತ್ತಿದ್ದಾರೆ. ನನ್ನ ಮೆಟಬಾಲಿಸಂ, ಅಂದರೆ ದೇಹ ಶಕ್ತಿಯನ್ನು ಸುಡುವ ಕ್ರಮವೇ ಕೆಟ್ಟುಹೋಗಿದೆಯೇ? ಇದನ್ನು ದಾಟಿದವರು ದಯವಿಟ್ಟು ತಿಳಿಸಿ. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆಯೂ ಇಲ್ಲ.

ನಿವೃತ್ತ ಬ್ಯಾಂಕಿಗ, ಶಿವಮೊಗ್ಗ:

ಸಹೋದರಿ, ಆ ರೊಟ್ಟಿಯನ್ನು ಮಾತ್ರ ಬಿಡಬೇಡಿ. ನಾನು ಆರು ವರ್ಷದ ಹಿಂದೆ ಇದೇ ದಾರಿಯಲ್ಲಿ ಹೋದವನು. ಮೂರು ತಿಂಗಳಲ್ಲಿ 14 ಕೆಜಿ ಇಳಿಸಿ, ತೂಕ ನಿಂತಾಗ ಇನ್ನೂ ಕಡಿಮೆ ತಿಂದು, ಅದೂ ನಿಂತಾಗ ರಾತ್ರಿಯ ಊಟವನ್ನೇ ತೆಗೆದೆ. ಒಂದು ದಿನ ಮೊಮ್ಮಗನ ನಾಮಕರಣದಲ್ಲಿ ಹೋಳಿಗೆಯ ಮುಂದೆ ಕುಳಿತವನು ಆರನೆಯದಕ್ಕೆ ಎಲೆ ಮುಚ್ಚಿದೆ. ಆ ದಿನ ಒಡೆದ ಕಟ್ಟೆ ಮತ್ತೆ ಕಟ್ಟಲಾಗಲಿಲ್ಲ. ಒಂದೂವರೆ ವರ್ಷದಲ್ಲಿ 17 ಕೆಜಿ ವಾಪಸು ಬಂತು. ಇಳಿದದ್ದಕ್ಕಿಂತ ಮೂರು ಹೆಚ್ಚು, ಬಡ್ಡಿ ಸಮೇತ.

ನನಗೆ ತಿಳಿದಮಟ್ಟಿಗೆ, ತೀರಾ ಕಡಿಮೆ ತಿಂದರೆ ಬರಗಾಲ ಬಂದಿದೆಯೆಂದು ದೇಹ ಭಾವಿಸಿ, ಕೊಬ್ಬನ್ನು ಕರಗಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಹೆಚ್ಚು ತಿಂದರೆ ತೂಕ ತಾನಾಗಿಯೇ ಇಳಿಯುತ್ತದೆ ಎನ್ನುತ್ತಾರೆ.

ಪಥ್ಯಶಾಸ್ತ್ರದವಳು, ಮೈಸೂರು:

ಟೀಚರ್ ಅವರೇ, ನಾನು ಹದಿನೈದು ವರ್ಷದಿಂದ ಡಯಟಿಷಿಯನ್ ಆಗಿ ಕೆಲಸ ಮಾಡುತ್ತಿದ್ದೇನೆ. ಮೇಲಿನ ಹಿರಿಯರ ಅನುಭವ ನೂರಕ್ಕೆ ನೂರು ನಿಜ, ರೊಟ್ಟಿ ಬಿಡಬೇಡಿ ಎಂಬ ಸಲಹೆಯೂ ಸರಿ. ಆದರೆ ಅವರು ಕೊನೆಯಲ್ಲಿ ಹೇಳಿದ ಕಾರಣವನ್ನು ಒಪ್ಪಲಾರೆ.

1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಮುಂದೆ ಬಂದ 36 ಯುವಕರಿಗೆ 24 ವಾರ ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದ್ದರು. ಅವರು ತಮ್ಮ ತೂಕದ ಸುಮಾರು ಕಾಲು ಭಾಗವನ್ನು ಕಳೆದುಕೊಂಡರು. ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿ ಸುಮಾರು ಶೇ 40ರಷ್ಟು ಕುಸಿಯಿತು. ಆದರೂ ಕೊಬ್ಬು ಕರಗುವುದು ನಿಲ್ಲಲಿಲ್ಲ, ಅದರ ವೇಗ ಮಾತ್ರ ಕಡಿಮೆಯಾಯಿತು. ದೇಹ ಖರ್ಚು ತಗ್ಗಿಸುತ್ತದೆಯೇ ಹೊರತು ಖರ್ಚನ್ನೇ ನಿಲ್ಲಿಸುವುದಿಲ್ಲ. ಅಂದಹಾಗೆ, ಆ ಯುವಕರಲ್ಲಿ ಹಲವರು ಹಗಲು ರಾತ್ರಿ ಅಡುಗೆ ಪುಸ್ತಕಗಳನ್ನು ಓದುತ್ತಾ ಕೂರುತ್ತಿದ್ದರಂತೆ. ನಿಮ್ಮ ಹನ್ನೊಂದು ಗಂಟೆಯ ವಿಡಿಯೊಗಳ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ಅದು ಚಪಲವಲ್ಲ, ಹಸಿವು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಮೊದಲ ವಾರದ ಮೂರೂವರೆ ಕೆಜಿಯಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ದೇಹ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೊಜನ್‌ನ ಒಂದೊಂದು ಗ್ರಾಂ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ ಬಿಟ್ಟ ಕೂಡಲೇ ಅದು ಖಾಲಿಯಾಗಿ ನೀರೂ ಹೊರಟುಹೋಗುತ್ತದೆ. ಅದನ್ನೇ ವೇಗವೆಂದು ನಂಬಿದ್ದರಿಂದ ಆಮೇಲಿನದೆಲ್ಲ ನಿಧಾನವೆನಿಸಿದೆ. ಎರಡನೆಯದಾಗಿ, 82 ಕೆಜಿಯ ದೇಹಕ್ಕೂ 70 ಕೆಜಿಯ ದೇಹಕ್ಕೂ ಖರ್ಚು ಒಂದೇ ಅಲ್ಲ. ನಾವು ಬಳಸುವ ಸೂತ್ರದ ಪ್ರಕಾರ, ಏನೂ ಮಾಡದೆ ಮಲಗಿದ್ದರೂ ನಿಮ್ಮ ದೇಹಕ್ಕೆ ಆಗ ದಿನಕ್ಕೆ ಸುಮಾರು 1,465 ಕ್ಯಾಲೊರಿ ಬೇಕಿತ್ತು, ಈಗ ಸುಮಾರು 1,350 ಸಾಕು. ಓಡಾಟವೂ ಸೇರಿದರೆ ಈಗಿನ ದಿನದ ಖರ್ಚು ಹೆಚ್ಚೆಂದರೆ 1,850–1,900. ವೇಗವಾಗಿ ಇಳಿಸಿದ್ದರಿಂದ ಸೂತ್ರಕ್ಕಿಂತಲೂ ಒಂದಿಷ್ಟು ಕಡಿಮೆ ಇರಬಹುದು. ಸುಸ್ತಾದ ದೇಹ ತಿಳಿಯದಂತೆ ಚಲನೆಯನ್ನೂ ಕಡಿಮೆ ಮಾಡುತ್ತದೆ: ನಿಂತು ಪಾಠ ಮಾಡುತ್ತಿದ್ದವರು ಕುರ್ಚಿ ಎಳೆದುಕೊಳ್ಳುತ್ತಾರೆ, ಮೇಲಿನ ಮಹಡಿಯಿಂದ ನೋಟ್‌ಬುಕ್ ತರಲು ಮಕ್ಕಳನ್ನು ಕಳಿಸುತ್ತಾರೆ. ಇದೆಲ್ಲವನ್ನೂ ಧಾರಾಳವಾಗಿ ಕಳೆದರೂ 1,600ರ ಆಸುಪಾಸು ಉಳಿಯುತ್ತದೆ.

ನಿಮ್ಮ ಪಟ್ಟಿಯಲ್ಲಿರುವುದು ಅಂದಾಜು 800 ಕ್ಯಾಲೊರಿ. ದಿನವೂ ಅಷ್ಟನ್ನೇ ತಿಂದಿದ್ದರೆ ಏಳು ವಾರದಲ್ಲಿ ನಾಲ್ಕೈದು ಕೆಜಿಯಾದರೂ ಇಳಿಯಲೇಬೇಕಿತ್ತು. ಇಳಿದಿಲ್ಲವೆಂದರೆ ಪಟ್ಟಿಯ ಹೊರಗಿನದು ಏನೋ ಹೊಟ್ಟೆ ಸೇರುತ್ತಿದೆ. ದಯವಿಟ್ಟು ಇದನ್ನು ಆರೋಪವೆಂದು ಭಾವಿಸಬೇಡಿ. 1992ರಲ್ಲಿ ನ್ಯೂಯಾರ್ಕಿನಲ್ಲಿ, 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ನಿಖರವಾಗಿ ಅಳೆದು ನೋಡಿದಾಗ, ಅವರು ತಮ್ಮ ಊಟವನ್ನು ಸರಾಸರಿ ಶೇ 47ರಷ್ಟು ಕಡಿಮೆಯಾಗಿ ವರದಿ ಮಾಡಿದ್ದರು. ಅವರ ಮೆಟಬಾಲಿಸಂನಲ್ಲಿ ದೋಷವಿರಲಿಲ್ಲ. ಹಸಿದವರ ನೆನಪು ಹಾಗೆಯೇ ಇರುತ್ತದೆ. ಬಿಟ್ಟದ್ದು ನೆನಪಿರುತ್ತದೆ, ತಿಂದದ್ದು ಮರೆಯುತ್ತದೆ. ಆದ್ದರಿಂದ ಶನಿವಾರ, ಭಾನುವಾರ ಏನು ತಿನ್ನುತ್ತೀರಿ, ಟೀ ಎಷ್ಟು, ಒಗ್ಗರಣೆಗೆ ಎಣ್ಣೆ ಎಷ್ಟು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದು ವಾರ ತಿಂದ ತಕ್ಷಣ ಬರೆದಿಡಿ. ಆ ವಾರ ಊಟದಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಡಿ.

ಇನ್ನೊಂದು ಮಾತು. ದಿನಕ್ಕೆ 800 ಕ್ಯಾಲೊರಿಯ ಪಥ್ಯವನ್ನು ವೈದ್ಯರ ನಿಗಾ ಇಲ್ಲದೆ ಯಾರೂ ಮಾಡಬಾರದು. ವೇಗವಾಗಿ ತೂಕ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲುಗಳಾಗುವ ಸಂಭವ ಹೆಚ್ಚು. ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು ಬಂದರೆ ಗ್ಯಾಸ್ ಎಂದು ಓಮದ ನೀರು ಕುಡಿದು ಕೂರಬೇಡಿ. ಕೂದಲು ಉದುರುವುದು ಇಂತಹ ಡಯಟ್ ಆರಂಭಿಸಿದ ಎರಡು ಮೂರು ತಿಂಗಳಿಗೆ ಶುರುವಾಗುವುದು ಸಾಮಾನ್ಯ, ಊಟ ಸರಿಯಾದರೆ ಮತ್ತೆ ಬರುತ್ತದೆ. ಆದರೂ ಒಮ್ಮೆ ವೈದ್ಯರನ್ನು ಕಂಡು ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್, ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಬಿ12 ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ.

ದಾವಣಗೆರೆ ಟೀಚರ್:

ಮೇಡಂ, ನಿಮ್ಮ ಉತ್ತರವನ್ನು ಮೊದಲ ಬಾರಿ ಓದಿದಾಗ, ಕದ್ದು ತಿನ್ನುತ್ತೇನೆಂದು ಹೇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಸಿಟ್ಟಿನಲ್ಲಿಯೇ ಬರೆಯಲು ಕುಳಿತೆ. ಎಂಟು ದಿನ ಬರೆದಿದ್ದೇನೆ.

ಅಡುಗೆಗೆ ಒಂದು ಚಮಚ ಎಣ್ಣೆ ಎಂದು ನಾನು ನಂಬಿದ್ದೆ. ಬಾಣಲೆಗೆ ಹಾಕುವ ಮೊದಲು ಅದನ್ನು ಮಗುವಿನ ಕೆಮ್ಮಿನ ಔಷಧಿಯ ಅಳತೆ ಮುಚ್ಚಳಕ್ಕೆ ಸುರಿದು ನೋಡಿದೆ: 15 ಮಿ.ಲೀ. ಎಂದುಕೊಂಡದ್ದು 40 ಮಿ.ಲೀ. ಇತ್ತು. ಟೀ ದಿನಕ್ಕೆ ಮೂರು ಎಂದು ಬರೆಯಲು ಹೊರಟವಳು ಸ್ಟಾಫ್ ರೂಮಿನ ಎರಡನ್ನು ಸೇರಿಸಿಯೇ ಇರಲಿಲ್ಲ. ಅಲ್ಲಿ ಸಕ್ಕರೆ ಹಾಕಿಯೇ ಕೊಡುತ್ತಾರೆ. ಸುಸ್ತಾದಾಗ ಆರೋಗ್ಯಕ್ಕೆ ಒಳ್ಳೆಯದೆಂದು ಹುರಿದ ಶೇಂಗಾ ಎರಡು ಹಿಡಿ ತಿನ್ನುತ್ತಿದ್ದೆ. ಇನ್ನು ವಾರಾಂತ್ಯ. ಶನಿವಾರ ಸಂಜೆ ಎಲ್ಲರೂ ಸೇರಿ ಮಂಡಕ್ಕಿ, ಮಿರ್ಚಿ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ಅತ್ತೆಯವರ ಮನೆಯಲ್ಲಿ ಊಟ. ವಾರವಿಡೀ ಬಿಟ್ಟಿದ್ದೇನಲ್ಲ ಎಂಬ ಸಮಾಧಾನದಲ್ಲಿ ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಏಕಾದಶಿ ಐದು ದಿನ, ಪಾರಣೆ ಎರಡು ದಿನ. ಮಗಳ ಸಹಾಯದಿಂದ ಕೂಡಿದರೆ ಸೋಮವಾರದಿಂದ ಶುಕ್ರವಾರ ದಿನಕ್ಕೆ ಸುಮಾರು 1,100, ಉಳಿದೆರಡು ದಿನ ಸುಮಾರು 3,000. ಸರಾಸರಿ ದಿನಕ್ಕೆ 1,640.

ಪಥ್ಯಶಾಸ್ತ್ರದವಳು, ಮೈಸೂರು:

ನಿಮ್ಮನ್ನು ನೋಯಿಸಿದ್ದಕ್ಕೆ ಕ್ಷಮಿಸಿ. ಆದರೆ ಈ 1,640 ಬಹಳ ಒಳ್ಳೆಯ ಸುದ್ದಿ. ನಿಮ್ಮ ಮೆಟಬಾಲಿಸಂ ಕೆಟ್ಟಿಲ್ಲ. ಖರ್ಚಿಗೆ ಸರಿಯಾಗಿ ತಿನ್ನುತ್ತಿದ್ದೀರಿ, ಆದ್ದರಿಂದ ತೂಕ ನಿಂತಿದೆ. ವಾರಾಂತ್ಯದ ಊಟಕ್ಕೆ ನಿಮ್ಮನ್ನು ತಳ್ಳುತ್ತಿರುವುದು ವಾರದ ಐದು ದಿನದ ಉಪವಾಸವೇ. ಅದನ್ನು ಇನ್ನೂ ಬಿಗಿ ಮಾಡಿದರೆ ಶನಿವಾರ ಇನ್ನೂ ಜೋರಾಗಿ ಒಡೆಯುತ್ತದೆ.

ಮುಂದಿನ ಎರಡು ಮೂರು ವಾರ ತೂಕ ಇಳಿಸುವ ಪ್ರಯತ್ನವನ್ನೇ ಕೈಬಿಟ್ಟು, ಏಳೂ ದಿನ 1,600ರಷ್ಟನ್ನು ಸಮನಾಗಿ ತಿನ್ನಿ. ಹೀಗೆ ನಡುವೆ ವಿರಾಮ ಕೊಡುವುದರ ಬಗ್ಗೆ ಆಸ್ಟ್ರೇಲಿಯಾದಲ್ಲಿ 51 ಸ್ಥೂಲಕಾಯದ ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವಿದೆ. ಎರಡು ವಾರ ಡಯಟ್, ಎರಡು ವಾರ ವಿರಾಮ ಎಂದು ನಡೆದವರು ಒಂದೇ ಸಮನೆ ಡಯಟ್ ಮಾಡಿದವರಿಗಿಂತ ಹೆಚ್ಚು ತೂಕ ಇಳಿಸಿದ್ದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಅದೇ ಲಾಭ ಕಂಡಿಲ್ಲ, ಹಾಗಾಗಿ ಅದನ್ನು ಮಂತ್ರವೆಂದು ಹೇಳುವುದಿಲ್ಲ. ನಾನು ವಿರಾಮ ಕೊಡಿಸುವುದು ಮುಖ್ಯವಾಗಿ ಮನಸ್ಸಿಗಾಗಿ.

ಪ್ರೋಟೀನ್ ದಿನಕ್ಕೆ 75–80 ಗ್ರಾಂ ಇರಲಿ. ನಿಮ್ಮ ಹಳೆಯ ಪಟ್ಟಿಯಲ್ಲಿ 25 ಗ್ರಾಂ ಇದ್ದರೆ ಹೆಚ್ಚು, ಆದ್ದರಿಂದ ಇಳಿದ ಹನ್ನೊಂದು ಕೆಜಿಯಲ್ಲಿ ಸ್ನಾಯುವೂ ಸಾಕಷ್ಟು ಹೋಗಿರುತ್ತದೆ. ಒಣ ಸೋಯಾ ಚಂಕ್ಸ್ 50 ಗ್ರಾಂ, ಹೆಸರುಕಾಳು ಅಥವಾ ಮಡಿಕೆಕಾಳು ಸೇರಿ 100 ಗ್ರಾಂ, ಮೊಸರು 300 ಗ್ರಾಂ. ರೊಟ್ಟಿ, ಅನ್ನದಲ್ಲಿರುವುದೂ ಸೇರಿದರೆ ಮುಟ್ಟುತ್ತದೆ. ಅನ್ನ ಬಿಡಬೇಕಾಗಿಲ್ಲ. ಒಂದು ಎಚ್ಚರಿಕೆ: ಅನ್ನ ಮತ್ತೆ ಆರಂಭಿಸಿದ ಮೊದಲ ವಾರ ತೂಕ ಒಂದು ಕೆಜಿ ಏರಬಹುದು. ಅದು ಮೊದಲು ಹೋದ ನೀರೇ ವಾಪಸು ಬಂದದ್ದು. ಹೆದರಿ ಬಿಟ್ಟುಬಿಡಬೇಡಿ. ಆಮೇಲೆ ದಿನಕ್ಕೆ 250–300 ಕ್ಯಾಲೊರಿ ಮಾತ್ರ ತಗ್ಗಿಸೋಣ. ವಾರಕ್ಕೆ ಕಾಲು ಕೆಜಿ ಇಳಿದರೆ ಸಾಕು.

ಕರಾವಳಿಯ ಜಿಮ್ ಮಾಸ್ತರ:

ಡಯಟಿಷಿಯನ್ ಮೇಡಂ ಹೇಳಿದ ಪ್ರೋಟೀನ್ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಕೊಡಬೇಕು, ನಡಿಗೆಯೊಂದೇ ಸಾಲದು. ಜಿಮ್ಮಿಗೆ ಹೋಗಲೇಬೇಕೆಂದಿಲ್ಲ. ವಾರಕ್ಕೆ ಮೂರು ದಿನ, ತಲಾ 25 ನಿಮಿಷ: ಕುರ್ಚಿಯಲ್ಲಿ ಕುಳಿತು ಏಳುವುದು, ಗೋಡೆಗೆ ಕೈಕೊಟ್ಟು ಪುಷ್‌ಅಪ್, 5 ಲೀಟರಿನ ಕ್ಯಾನಿಗೆ ನೀರು ತುಂಬಿ ಬೆನ್ನು ನೇರವಿಟ್ಟು ಸೊಂಟದಿಂದ ಬಾಗಿ ಎತ್ತುವುದು. ಪ್ರತಿಯೊಂದನ್ನೂ ಹತ್ತು ಬಾರಿಯಂತೆ ಮೂರು ಸುತ್ತು ಮಾಡಿ, ಸುಲಭವೆನಿಸಿದ ವಾರ ಭಾರ ಹೆಚ್ಚಿಸಿ. ಆರಂಭದಲ್ಲಿ ಸ್ನಾಯುಗಳು ನೀರು ಹಿಡಿಯುವುದರಿಂದ ತೂಕದ ಯಂತ್ರ ಮೋಸ ಮಾಡುತ್ತದೆ. ಟೈಲರ್ ಟೇಪಿನಿಂದ ಸೊಂಟವನ್ನೂ ಅಳೆದಿಡಿ. ತೂಕವನ್ನು ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ವಾರದ ಸರಾಸರಿಯನ್ನು ಮಾತ್ರ ಹೋಲಿಸಿ. ಹೆಂಗಸರಾದರೆ ತಿಂಗಳ ಮುಟ್ಟಿನ ಒಂದು ಹಂತವನ್ನು ಹಿಂದಿನ ತಿಂಗಳಿನ ಅದೇ ಹಂತದೊಂದಿಗೆ ಹೋಲಿಸುವುದು ಸರಿ.

ದಾವಣಗೆರೆ ಟೀಚರ್:

ಆರು ವಾರದ ನಂತರ ಬರೆಯುತ್ತಿದ್ದೇನೆ. ಥೈರಾಯ್ಡ್ ಸರಿಯಿದೆ, ಫೆರಿಟಿನ್ ಮಾತ್ರ ತೀರಾ ಕಡಿಮೆ. ವೈದ್ಯರು ಕಬ್ಬಿಣದ ಮಾತ್ರೆ ಬರೆದು, ಅದರ ಹಿಂದೆ ಮುಂದೆ ಟೀ ಕುಡಿಯಬಾರದೆಂದು ಹೇಳಿದ್ದಾರೆ. ಹಾಗಾಗಿ ಸ್ಟಾಫ್ ರೂಮಿನ ಒಂದು ಟೀ ತಾನಾಗಿ ಹೋಯಿತು.

ಅನ್ನ ಆರಂಭಿಸಿದ ಐದನೇ ದಿನ ತೂಕ 71.7 ತೋರಿಸಿತು. ಮೇಡಂ ಮುಂಚೆ ಎಚ್ಚರಿಸದಿದ್ದರೆ ಅಂದೇ ಸೂಪಿಗೆ ಮರಳುತ್ತಿದ್ದೆ. ಮೂರು ವಾರ ಹಾಗೆಯೇ ನಡೆಸಿ, ಆಮೇಲೆ ಸ್ವಲ್ಪ ತಗ್ಗಿಸಿದೆ. ಈ ವಾರದ ಸರಾಸರಿ 70.1, ಸೊಂಟ ಮೂರು ಸೆಂ.ಮೀ. ಇಳಿದಿದೆ. ಭಾನುವಾರದ ಬೆಣ್ಣೆ ದೋಸೆಯನ್ನು ಬಿಟ್ಟಿಲ್ಲ, ಒಂದನ್ನು ತಿಂದು ಬರೆದಿಡುತ್ತೇನೆ. ಎರಡನೆಯದು ಬೇಕೆನಿಸುವುದೇ ಅಪರೂಪವಾಗಿದೆ. ಕೂದಲು ಇನ್ನೂ ಉದುರುತ್ತಿದೆ, ಮೂರನೇ ಪೀರಿಯಡ್ಡನ್ನು ಮಾತ್ರ ನಿಂತೇ ಮುಗಿಸುತ್ತೇನೆ. ವಾಟ್ಸಾಪ್ ಗುಂಪಿನಿಂದ ಹೊರಬಂದೆ.

ಒಂದೇ ತೊಂದರೆಯೆಂದರೆ ಸೋಯಾ. ಅದರ ಹಸಿ ವಾಸನೆಗೆ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಯಾರಿಗಾದರೂ ಉಪಾಯ ಗೊತ್ತೇ?

ನಿವೃತ್ತ ಬ್ಯಾಂಕಿಗ, ಶಿವಮೊಗ್ಗ:

ಉಪ್ಪು ಹಾಕಿದ ನೀರಿನಲ್ಲಿ ಐದು ನಿಮಿಷ ಕುದಿಸಿ, ತಣ್ಣೀರಿನಲ್ಲಿ ಎರಡು ಬಾರಿ ತೊಳೆದು, ನೊರೆ ಹೋಗುವ ತನಕ ಗಟ್ಟಿಯಾಗಿ ಹಿಂಡಬೇಕು. ಆಮೇಲೆ ಶುಂಠಿ, ಬೆಳ್ಳುಳ್ಳಿ, ಮೊಸರು ಬೆರೆಸಿ ಅರ್ಧ ಗಂಟೆ ಬಿಟ್ಟು ಹುರಿಯಿರಿ. ನಮ್ಮ ಮನೆಯಲ್ಲಿ ಸಾಗುವಿಗೆ ಹಾಕುತ್ತೇವೆ, ಮೊಮ್ಮಗ ಪನೀರ್ ಎಂದೇ ತಿನ್ನುತ್ತಾನೆ. ಮೇಡಂ ಅವರ ತಿದ್ದುಪಡಿಯನ್ನೂ ಒಪ್ಪಿದ್ದೇನೆ. ನನ್ನ ಬರೆದಿಡುವ ಪುಸ್ತಕ ಸೋಮವಾರದಿಂದ ಶುರುವಾಗಿದೆ.